ಕೊಳಲಿನ ಪಾಳಿ

"ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ," ಎಂದರು ಮಿಲ್ಲಿನ ದವಾಖಾನೆಯ ನರ್ಸಮ್ಮ.

ಗಂಟಕ್ಕ ಕದಲಲಿಲ್ಲ. ನಿಜಕ್ಕೂ ಕೇಳಿಸಿರಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದಳೋ, ಅದು ಅವಳಿಗೇ ಗೊತ್ತು. ಅಲ್ಲಿಯವರೆಗೆ ಪರೀಕ್ಷೆ ಸುಲಭವಾಗಿಯೇ ನಡೆದಿತ್ತು. ಕಿವಿಗೆ ತಂತಿ ಸಿಕ್ಕಿಸಿಕೊಂಡು, ಕೂಗು ಕೇಳಿದಾಗಲೆಲ್ಲ ಕೈ ಎತ್ತಬೇಕು. ನರ್ಸಮ್ಮನ ಹೆಬ್ಬೆರಳು ಗುಂಡಿಯ ಮೇಲೆ ಇಳಿದಾಗಲೆಲ್ಲ ಅವಳು ಕೈ ಎತ್ತಿದ್ದಳು. ಇಪ್ಪತ್ತೆರಡು ವರ್ಷ ಆರು ಮಗ್ಗಗಳ ಮೇಲೆ ಒಟ್ಟಿಗೆ ಕಣ್ಣಿಟ್ಟವಳಿಗೆ ಒಂದು ಹೆಬ್ಬೆರಳು ಯಾವ ಮಹಾ. ನರ್ಸಮ್ಮ ಎದ್ದು ಬಂದು ಕುರ್ಚಿಯನ್ನೇ ಹಿಡಿದು ತಿರುಗಿಸಿದರು. ಎದುರಿಗೆ ಸುಣ್ಣ ಉದುರಿದ ಗೋಡೆ ಬಂತು. ಆಮೇಲೆ ಬಹಳ ಹೊತ್ತು ಅವಳ ಕೈಗಳು ತೊಡೆಯ ಮೇಲೇ ಇದ್ದವು.

ಮುಂದಿನ ಸೋಮವಾರ ಅವಳನ್ನು ಮಗ್ಗದಿಂದ ತೆಗೆದು ಸ್ಟೋರಿಗೆ ಹಾಕಿದರು. "ವಯಸ್ಸಾಯ್ತಲ್ಲಮ್ಮ, ಕಿವಿ ಮಂದ ಆಗೋದು ಸಹಜ. ವಿಶ್ರಾಂತಿ ಅಂದ್ಕೊಳ್ಳಿ," ಎಂದರು ಮ್ಯಾನೇಜರು. ಅವಳಿಗೆ ನಲವತ್ತಾರು. ಕಡಿದ ನೂಲನ್ನು ರೆಪ್ಪೆ ಬಡಿಯುವುದರೊಳಗೆ ಗಂಟು ಹಾಕುತ್ತಾಳೆಂದು ಇಡೀ ಶೆಡ್ಡು ಅವಳನ್ನು ಗಂಟಕ್ಕ ಎನ್ನುತ್ತಿತ್ತು. ಗಂಟುಮೋರೆಗೆ ಬಂದ ಹೆಸರು ಅದು ಎಂದು ಅವಳ ಅತ್ತೆಯ ವಾದ.

"ಅವರ ಮಿಷನ್ನೇ ಕೆಟ್ಟಿದೆ," ಎಂದಳು ಗಂಟಕ್ಕ ಮನೆಯಲ್ಲಿ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದರು ಅತ್ತೆ. ಹಿಂದಿನ ವಾರ ಅವರು ಬೀಸಣಿಗೆ ಕೇಳಿದ್ದಕ್ಕೆ ಸೊಸೆ ಬಾಚಣಿಗೆ ತಂದುಕೊಟ್ಟಿದ್ದಳು. ಗಂಡ ನಕ್ಕಿದ್ದ, ನಾದಿನಿ ನಕ್ಕಿದ್ದಳು, ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಅವಳೂ ನಕ್ಕಿದ್ದಳು. ಎರಡು ವರ್ಷದಿಂದ ಅವಳ ನಗು ಹೀಗೆ ಎಲ್ಲರ ಹಿಂದೆ, ಒಂದು ಹೆಜ್ಜೆ ತಡವಾಗಿ ಬರುತ್ತಿತ್ತು.

ಸ್ಟೋರು ಮಿಲ್ಲಿನ ಹಿಂಭಾಗದಲ್ಲಿ, ಬಣ್ಣದ ತೊಟ್ಟಿಗಳನ್ನು ದಾಟಿದ ಮೇಲೆ ಇತ್ತು. ಸವೆದ ಲಾಳಿಗಳು, ಹಲ್ಲು ಮುರಿದ ಚಕ್ರಗಳು, ಎಣ್ಣೆಯ ಡಬ್ಬಗಳು, ಬಿಚ್ಚದ ಪೊಟ್ಟಣಗಳು. ಅಲ್ಲಿನ ಸ್ಟೋರ್ ಕೀಪರನ್ನು ಎಲ್ಲರೂ ಬೀಗದ ಮಾವ ಎನ್ನುತ್ತಿದ್ದರು, ಸೊಂಟದಿಂದ ಕೀಲಿ ಗೊಂಚಲು ಇಳಿದದ್ದನ್ನು ಯಾರೂ ಕಂಡಿರಲಿಲ್ಲ. "ಬೀಗರೂ ಅಲ್ಲ, ಮಾವನೂ ಅಲ್ಲ, ಬರೀ ಬೀಗ," ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು. ಗಂಟಕ್ಕನ ಜೊತೆ ಮಾತಾಡುವಾಗ ಅವರು ಮುಖವನ್ನು ಅವಳ ಕಡೆಗೇ ಇಟ್ಟು ನಿಧಾನವಾಗಿ ತುಟಿ ಆಡಿಸುತ್ತಿದ್ದರು. ಮೊದಲ ದಿನವೇ ಅವಳು ಹೇಳಿಬಿಟ್ಟಳು: "ನಾನೇನೂ ಕಿವುಡಿ ಅಲ್ಲ ಮಾವ. ಎಲ್ಲರ ಜೊತೆ ಮಾತಾಡೋ ಹಾಗೇ ಮಾತಾಡಿ."

"ಆಗಲಮ್ಮ," ಎಂದರು ಅವರು, ಅಷ್ಟೇ ನಿಧಾನವಾಗಿ.

ಎರಡನೇ ವಾರ ಸ್ಟೋರಿನ ಹಿಂದಿನ ಕೋಣೆಯನ್ನು ಖಾಲಿ ಮಾಡಬೇಕೆಂದು ಆದೇಶ ಬಂತು. ಒಂದು ಕಾಲಕ್ಕೆ ಅದು ಮಿಲ್ಲಿನ ಕ್ಲಬ್ಬಿನ ಕೋಣೆ. ಮುರಿದ ಕೇರಂ ಬೋರ್ಡು, ಇಲಿ ಕಡಿದ ಪತ್ರಿಕೆಗಳ ಕಟ್ಟು, ಮೂರು ಕಾಲಿನ ಮೇಜು. ಎಲ್ಲದರ ಹಿಂದೆ ಗೋಡೆಗೆ ಒತ್ತಿದ ಒಂದು ಬೀರು. ಬೀಗದ ಮಾವ ಏಳು ಕೀಲಿ ಹಾಕಿ ನೋಡಿದರು, ಎಂಟನೆಯದಕ್ಕೆ ತೆರೆಯಿತು. ಒಳಗೆ ತಟ್ಟೆಗಳನ್ನು ಒಪ್ಪವಾಗಿ ಜೋಡಿಸಿದಂತೆ, ರಟ್ಟಿನ ಲಕೋಟೆಗಳಲ್ಲಿ ಇನ್ನೂರಕ್ಕೂ ಹೆಚ್ಚು ರೆಕಾರ್ಡುಗಳು ನಿಂತಿದ್ದವು. ಕೆಳಗಿನ ಅರೆಯಲ್ಲಿ ಮರದ ಪೆಟ್ಟಿಗೆಯಂಥ ಪ್ಲೇಯರು.

"ಇದಿನ್ನೂ ಇದೆಯಾ," ಎಂದರು ಅವರು ತಮಗೆ ತಾವೇ. ಆಮೇಲೆ ನೆನಪಾಗಿ ಅವಳ ಕಡೆ ತಿರುಗಿದರು. "ಹಳೇ ಮಗ್ಗ ಜೋಡಿಸೋಕೆ ಬಂದ ಇಂಜಿನಿಯರು ಬಿಟ್ಟುಹೋದದ್ದು. ದಿನಾ ಊಟದ ಹೊತ್ತಿಗೆ ಹಾಕಿಕೊಂಡು ಒಬ್ಬರೇ ಕೂರೋರು. ನಾವು ಕಿಟಕಿಯಿಂದ ನೋಡಿ ನಗ್ತಿದ್ದೆವು."

"ಈಗ?"

"ಈಗೇನು, ಪಟ್ಟಿಯಲ್ಲಿ 'ಇತರೆ ವಸ್ತು' ಅಂತಿದೆ. ಗುಜರಿಗೆ."

"ಹಾಕೋಕೆ ಮುಂಚೆ ಒಂದ್ಸಲ ಕೇಳೋಣ," ಎಂದಳು ಗಂಟಕ್ಕ. ಅದರಲ್ಲಿ ಅವಳದೊಂದು ಹಟವೂ ಇತ್ತು. ದವಾಖಾನೆಯ ಮಿಷನ್ನು ಕೆಟ್ಟಿತ್ತೆಂದು ತನಗೆ ತಾನೇ ತೋರಿಸಿಕೊಳ್ಳಬೇಕಿತ್ತು.

ಪ್ಲೇಯರಿಗೆ ಮೂರು ದಿನ ಹಿಡಿಯಿತು. ಬೆಲ್ಟು ಹರಿದಿತ್ತು. ನೂಲು ಸುತ್ತುವ ಯಂತ್ರದ ರಬ್ಬರು ಪಟ್ಟಿಯನ್ನು ಅವಳೇ ಅಳೆದು, ಕತ್ತರಿಸಿ, ಅಂಟಿಸಿದಳು. ಮುಳ್ಳಿಗೆ ಅಂಟಿದ ಧೂಳನ್ನು ಬೀಗದ ಮಾವ ತಮ್ಮ ಕನ್ನಡಕ ಒರೆಸುವ ಬಟ್ಟೆಯಿಂದ ತೆಗೆದರು. ನಾಲ್ಕನೆಯ ದಿನ ಊಟದ ಸೈರನ್ನು ಕೂಗಿ ಮಗ್ಗಗಳು ನಿಂತ ಮೇಲೆ, ಕೈಗೆ ಸಿಕ್ಕ ಮೊದಲ ತಟ್ಟೆಯನ್ನು ಹಾಕಿದರು.

ಒಬ್ಬ ಹೆಂಗಸು ಹಾಡತೊಡಗಿದಳು. ದಪ್ಪನೆಯ, ಸ್ವಲ್ಪ ಒಡಕು ಬಿದ್ದ ದನಿ, ಬೆಳಗ್ಗೆ ಎದ್ದ ತಕ್ಷಣ ಯಾರೋ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. ಹಿಂದೆ ಹಾರ್ಮೋನಿಯಮ್ಮಿನಂಥ ವಾದ್ಯವೊಂದು ಉಸಿರು ಎಳೆದು ಬಿಡುತ್ತಿತ್ತು. ಗಂಟಕ್ಕ ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕಿದಳು. ಒಂದು ಎಳೆಯೂ ಬಿಟ್ಟುಹೋದಂತೆ ಅನ್ನಿಸಲಿಲ್ಲ.

"ಏನು ಹೇಳ್ತಿದ್ದಾಳೆ ಮಾವ?"

ಅವರು ಲಕೋಟೆಯನ್ನು ಕಣ್ಣಿನ ಹತ್ತಿರ ಹಿಡಿದರು. "ಫ್ರೆಂಚು ಅಂತಿದೆ. ನನಗೇನು ತಿಳಿಯುತ್ತೆ? ನಿನಗೆ ಎಷ್ಟೋ ನನಗೂ ಅಷ್ಟೇ."

ಗಂಟಕ್ಕ ಅವರನ್ನೇ ನೋಡಿದಳು. ಎರಡು ವರ್ಷದಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಎಲ್ಲೇ ಕೂತರೂ ತಿಳಿಯದೆ ಕೂತವಳು ಅವಳೊಬ್ಬಳೇ ಆಗಿರುತ್ತಿದ್ದಳು. ಇಲ್ಲಿ ಇಬ್ಬರಿಗೂ ತಿಳಿಯಲಿಲ್ಲ. ಯಾವಾಗ ನಗಬೇಕೆಂದು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. "ಇನ್ನೊಂದ್ಸಲ ಹಾಕಿ," ಎಂದಳು. ಆ ದಿನ ಆ ಹಾಡು ನಾಲ್ಕು ಸಲ ತಿರುಗಿತು, ಊಟದ ಡಬ್ಬಿ ತೆರೆಯದೆ ಹಾಗೇ ಉಳಿಯಿತು.

ಅಲ್ಲಿಂದ ಮುಂದೆ ದಿನಕ್ಕೊಂದು ಎಂದು ಅವಳೇ ಗೊತ್ತು ಮಾಡಿದಳು. ಗುಜರಿಯವನು ಬರುವ ದಿನ ಮುಂದೆ ಹೋಗುವಂತೆ ಬೀಗದ ಮಾವ ಪಟ್ಟಿಯನ್ನು ನಿಧಾನ ಮಾಡಿದರು. ಮಾತಿಲ್ಲದ ಸಂಗೀತದ ತಟ್ಟೆಗಳು ಸಿಕ್ಕವು, ನೂರು ಜನ ಒಟ್ಟಿಗೆ ಕೂತು ನುಡಿಸಿದ್ದು. ಅದನ್ನು ಕೇಳುವಾಗ ಅವಳು ಪೆಟ್ಟಿಗೆಯ ಮೇಲೆ ಅಂಗೈ ಇಡುತ್ತಿದ್ದಳು. ದೊಡ್ಡ ತಂತಿವಾದ್ಯಗಳು ಬಂದರೆ ಮೊಣಕೈವರೆಗೆ ನಡುಕ ಏರುತ್ತಿತ್ತು. ನೂರಿಪ್ಪತ್ತು ಮಗ್ಗ ಓಡುವ ಶೆಡ್ಡಿನಲ್ಲಿ ಯಾವುದು ನಿಂತಿತೆಂದು ಬೆನ್ನು ಮಾಡಿಯೇ ಹೇಳುತ್ತಿದ್ದ ಕಾಲವೊಂದಿತ್ತು ಅವಳಿಗೆ. ಇಲ್ಲೂ ಯಾರು ಬಂದರು, ಯಾರು ಹೋದರು ಎಂದು ಹಿಡಿಯಲು ನೋಡಿದಳು. ಒಂದು ಸಂಗೀತ ಬರೀ ಬೇಸರ ತರಿಸಿತು. "ಇದು ನಮ್ಮತ್ತೆ ಕಥೆ ಹೇಳಿದ ಹಾಗಿದೆ, ಮುಗೀತು ಅನ್ನೋಷ್ಟರಲ್ಲಿ ಮತ್ತೆ ಶುರು," ಎಂದಳು. ಬೀಗದ ಮಾವ ಎಲೆಯಡಿಕೆ ಉಗುಳಲು ಹೊರಗೆ ಹೋಗಿ ನಕ್ಕು ಬಂದರು.

ಮೂರನೆಯ ವಾರ ಒಂದು ದಪ್ಪ ಪೆಟ್ಟಿಗೆ ಸಿಕ್ಕಿತು. ಒಳಗೆ ಮೂರು ತಟ್ಟೆಗಳು.

"ಇದು ಒಪೆರಾ," ಎಂದರು ಬೀಗದ ಮಾವ. "ಇಂಜಿನಿಯರು ಹೇಳಿದ್ದರು. ನಾಟಕವೇ, ಆದರೆ ಮಾತೆಲ್ಲ ಹಾಡು. ಜಗಳವೂ ಹಾಡು, ಕಾಗದ ಓದೋದೂ ಹಾಡು. ಸಾಯೋರೂ ಹಾಡಿ ಮುಗಿಸಿಯೇ ಸಾಯ್ತಾರಂತೆ."

ಎರಡನೆಯ ತಟ್ಟೆಯ ಕೊನೆಯ ಹೊತ್ತಿಗೆ ವಾದ್ಯಗಳೆಲ್ಲ ಹಿಂದೆ ಸರಿದು ಒಬ್ಬಳೇ ಹೆಂಗಸು ಉಳಿದಳು. ಫ್ರೆಂಚಿನವಳ ದನಿಯಲ್ಲ ಇದು, ತೆಳ್ಳಗೆ ಎತ್ತರದಲ್ಲಿ ನಡೆಯುವ ದನಿ. ಅವಳು ಒಂದು ಸಾಲು ಹಾಡಿ ನಿಲ್ಲಿಸಿದಳು. ಸುಮ್ಮನಾದಳು. ಇನ್ನೊಂದು ಸಾಲು, ಮತ್ತೆ ಮೌನ. ಗಂಟಕ್ಕನಿಗೆ ಪಾಪ ಅನ್ನಿಸಿತು.

"ಯಾಕೆ ಮಧ್ಯೆ ಮಧ್ಯೆ ಸುಮ್ಮನಾಗ್ತಾಳೆ? ಯಾರಿಗೆ ಕಾಯ್ತಿದ್ದಾಳೆ?"

ಬೀಗದ ಮಾವನ ಕಣ್ಣು ಮುಚ್ಚಿತ್ತು. ತಲೆ ನಿಧಾನವಾಗಿ ಆಡುತ್ತಿತ್ತು. "ಕಾಯ್ತಿಲ್ಲ ಕಣಮ್ಮ. ಕೊಳಲು ಹೇಳೋದನ್ನ ಕೇಳ್ತಿದ್ದಾಳೆ."

"ಯಾವ ಕೊಳಲು?"

ಅವರು ಕಣ್ಣು ತೆರೆದರು. ಹೇಳಬಾರದ್ದು ಹೇಳಿಬಿಟ್ಟೆ ಎನ್ನುವುದು ಮುಖದಲ್ಲಿ ಬಂದು ನಿಂತಿತು. ತಟ್ಟೆ ತಿರುಗುತ್ತಲೇ ಇತ್ತು.

ಅವಳು ಎದ್ದು ಮುಳ್ಳನ್ನು ತಾನೇ ಎತ್ತಿ ಹಿಂದಕ್ಕಿಟ್ಟಳು. "ಕೊಳಲು ಬಂದಾಗ ಬೆರಳು ತೋರಿಸಿ." ಹೆಂಗಸು ಹಾಡಿ ನಿಲ್ಲಿಸಿದಳು, ಬೀಗದ ಮಾವನ ಬೆರಳು ಮೇಲೆದ್ದಿತು. ಹಾಡಿದಳು, ಬೆರಳು ಇಳಿಯಿತು. ಗಂಟಕ್ಕ ಪೆಟ್ಟಿಗೆಗೆ ಕಿವಿ ಒತ್ತಿದಳು. ದನಿ ಹೆಚ್ಚಿಸಿದಳು. ಹೆಂಗಸಿನ ಕಂಠ ಕಿವಿಗೆ ಬಡಿಯುವಷ್ಟಾಯಿತು, ಆದರೆ ಬೆರಳು ಎದ್ದಾಗಲೆಲ್ಲ ಅಲ್ಲೊಂದು ಇಲ್ಲೊಂದು ಚೂರು ಬಿಟ್ಟರೆ ಬರೀ ಖಾಲಿ. ಒಂಬತ್ತು ಸಲ ಬೆರಳು ಎದ್ದಿತು.

ಅವಳು ಅಳಲಿಲ್ಲ. ಕುರ್ಚಿಯಲ್ಲಿ ಕೂತು ಅಂಗೈಗಳನ್ನು ನೋಡಿಕೊಂಡಳು. ದವಾಖಾನೆಯ ಕಾಗದವನ್ನು ಅವಳು ನಂಬಿರಲಿಲ್ಲ, ಮನೆಯವರ ನಗುವನ್ನೂ ನಂಬಿರಲಿಲ್ಲ. ಈ ಹೆಂಗಸಿಗೆ ಯಾರೋ ಉತ್ತರ ಕೊಡುತ್ತಿದ್ದಾರೆ, ಅದು ತನಗೆ ಮಾತ್ರ ತಿಳಿಯುತ್ತಿಲ್ಲ ಎನ್ನುವುದನ್ನು ನಂಬದೆ ಇರಲಾಗಲಿಲ್ಲ.

"ಬಿಡಮ್ಮ," ಎಂದರು ಬೀಗದ ಮಾವ. "ಫ್ರೆಂಚಿನವಳದ್ದು ಹಾಕ್ತೀನಿ."

"ಬೇಡ. ನನ್ನ ನಾದಿನಿ ಮಗ್ಗದ ಆ ಸದ್ದಿಗೆ ಬಂದು ಎಂಟು ವರ್ಷ ಆಯ್ತು," ಎಂದಳು ಅವಳು.

ನಾದಿನಿ ಗಂಡನ ತಂಗಿ, ಮೂವತ್ತೊಂದು ವಯಸ್ಸು. ಅವಳನ್ನು ಮಿಲ್ಲಿಗೆ ಸೇರಿಸಿದವಳು, ಪಕ್ಕದಲ್ಲಿ ನಿಲ್ಲಿಸಿಕೊಂಡು ಗಂಟು ಹಾಕುವುದನ್ನು ಕಲಿಸಿದವಳು ಗಂಟಕ್ಕನೇ. ಆ ಸಂಜೆ ಇಬ್ಬರೂ ಮನೆಗೆ ನಡೆಯುತ್ತಿದ್ದಾಗ ಗಂಟಕ್ಕ ಕಿವಿ ಮುಚ್ಚಿಕೊಂಡು ಕೆಲಸ ಮಾಡುವ ಮಾತು ತೆಗೆದಳು.

"ನೂಲು ಕಡಿದದ್ದು ಕೇಳಿಸಬೇಡ್ವಾ ಅತ್ತಿಗೆ? ಮೇಸ್ತ್ರಿ ಬಿಡ್ತಾರಾ?" ಎಂದಳು ನಾದಿನಿ. "ಅಷ್ಟಕ್ಕೂ ನನ್ನ ಕಿವಿಗೇನಾಗಿದೆ?"

"ನಾನೂ ಅದನ್ನೇ ಅಂತಿದ್ದೆ."

ಮರುದಿನ ಗಂಟಕ್ಕ ಮ್ಯಾನೇಜರ ಕೋಣೆಗೆ ಹೋಗಿ, ಮಗ್ಗದ ಸದ್ದಿಗೆ ಎಲ್ಲರ ಕಿವಿ ಹೋಗುತ್ತಿದೆ, ಕಿವಿ ಮುಚ್ಚಲು ಏನಾದರೂ ಕೊಡಿ ಎಂದಳು. ಅವರು ಕತ್ತು ಎತ್ತದೆಯೇ ಮಾತಾಡಿದರು, ಅರ್ಧ ಮಾತು ಮೇಜಿನೊಳಗೇ ಹೋಯಿತು. ಉಳಿದ ಅರ್ಧದಲ್ಲಿ ವಯಸ್ಸು ಎನ್ನುವ ಪದ ಮತ್ತೆ ಬಂತು. "ಚಿಕ್ಕವರ ಕಿವಿಯೂ ಹೋಗ್ತಿದೆ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದರು. ಬಣ್ಣದ ತೊಟ್ಟಿಗಳ ಹತ್ತಿರ ಬರುವ ಹೊತ್ತಿಗೆ ಅದಕ್ಕೆ ಉತ್ತರವನ್ನು ಹೇಗೆ ತರಬೇಕೆಂದು ಅವಳಿಗೆ ತಿಳಿದಿತ್ತು.

"ಮಾವ, ನಾಳೆ ಊಟದ ಹೊತ್ತಿಗೆ ಹನ್ನೊಂದು ಜನ ಬರ್ತಾರೆ. ಹಿಂದಿನ ಕೋಣೆ ಬೇಕು."

"ನನಗಿನ್ನು ಮೂರು ತಿಂಗಳಿದೆ ತಾಯಿ. ಆ ಬೀರಿನ ಜೊತೆ ನನ್ನನ್ನೂ ಇತರೆ ವಸ್ತು ಅಂತ ಬರೀತಾರೆ."

"ಬರೀಲಿ. ಇಬ್ಬರೂ ಒಂದೇ ಗಾಡಿಯಲ್ಲಿ ಹೋಗೋಣ."

ಅವರು ಗೊಂಚಲಿನಿಂದ ಆ ಕೀಲಿಯನ್ನು ಬಿಡಿಸಲು ಬಹಳ ಹೊತ್ತು ತೆಗೆದುಕೊಂಡರು. ಬಿಡಿಸಿ ಅವಳ ಕೈಗೇ ಕೊಟ್ಟರು.

ಹೆಂಗಸರು ಗದ್ದಲ ಮಾಡುತ್ತ ಬಂದರು. ಸಿನಿಮಾ ಹಾಡು ಇದೆಯಾ ಎಂದಳು ಒಬ್ಬಳು. ಗಂಟಕ್ಕ ಎಲ್ಲರನ್ನೂ ಗೋಡೆಗೆ ಮುಖ ಮಾಡಿ ಬೆಂಚುಗಳ ಮೇಲೆ ಕೂರಿಸಿದಳು. "ಒಬ್ಬಳು ಹಾಡ್ತಾಳೆ. ಅವಳು ನಿಲ್ಲಿಸಿದಾಗ ಕೊಳಲು ಬರುತ್ತೆ. ಕೊಳಲಿನ ಪಾಳಿ ಇರೋವಷ್ಟು ಹೊತ್ತು ಕೈ ಎತ್ತಿರಬೇಕು. ಪಕ್ಕದವಳನ್ನ ನೋಡಿ ಎತ್ತೋದು ಬೇಡ. ನಾನು ಹಾಗೆ ಮಾಡಿಯೇ ಇಲ್ಲಿಗೆ ಬಂದದ್ದು."

ಬೀಗದ ಮಾವ ಮುಳ್ಳು ಇಳಿಸಿದರು. ಕೊಳಲು ಬಂದಾಗ ಅವಳಿಗೆ ತಲೆಯಾಡಿಸಿ ತಿಳಿಸುವುದು ಅವರ ಕೆಲಸ. ಎದ್ದ ಕೈಗಳ ಲೆಕ್ಕ ಬರೆಯಲು ಸೀಮೆಸುಣ್ಣ ಹಿಡಿದು ಅವಳು ಬೆಂಚುಗಳ ಹಿಂದೆ ನಿಂತಳು.

ಮೊದಲ ಸಲ ಏಳು ಕೈ ಎದ್ದವು. ಒಬ್ಬಿಬ್ಬರು ಮುಸಿಮುಸಿ ನಕ್ಕರು. ಎರಡನೆಯ ಸಲ ಆರು. ಆರು ತಿಂಗಳ ಹಿಂದೆ ಸೇರಿದವಳ ಕೈ ಮಾತ್ರ ಅಳತೆ ಕೊಟ್ಟ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು. ಹತ್ತು ವರ್ಷ ದಾಟಿದ ಮೂವರ ಕೈ ಒಮ್ಮೆಯೂ ಎದ್ದಿರಲಿಲ್ಲ. ಅವರಲ್ಲೊಬ್ಬಳು, ಹಾಡು ಇನ್ನೂ ಶುರುವಾಗಲಿ ಎನ್ನುವಂತೆ, ಕಾಲು ಅಲ್ಲಾಡಿಸುತ್ತಿದ್ದಳು. ನಾದಿನಿ ಮೊದಲ ಎರಡು ಸಲ ಸರಿಯಾಗಿ ಎತ್ತಿದಳು. ಕೊಳಲು ಮೇಲಕ್ಕೆ ಹೋದಂತೆ ಅವಳ ಕೈ ಅರ್ಧಕ್ಕೆ ಇಳಿಯಿತು, ಅನುಮಾನದಿಂದ ಮತ್ತೆ ಎದ್ದಿತು, ಪೂರ್ತಿ ಇಳಿಯಿತು. ಅವಳು ಹಿಂದಕ್ಕೆ ತಿರುಗಿದಳು.

"ಮುಗೀತಾ ಅತ್ತಿಗೆ?"

ಬೀಗದ ಮಾವ ಇನ್ನೂ ತಲೆಯಾಡಿಸುತ್ತಿದ್ದರು. ಹೊಸಬಳ ಕೈ ಇನ್ನೂ ಮೇಲಿತ್ತು. ನಾದಿನಿ ಆ ಕೈಯನ್ನು ನೋಡಿದಳು, ತಿರುಗುತ್ತಿದ್ದ ತಟ್ಟೆಯನ್ನು ನೋಡಿದಳು. ಗಂಟಕ್ಕ ನೆಲದ ಮೇಲೆ ಸೀಮೆಸುಣ್ಣದ ಗೆರೆಯೊಂದನ್ನು ಎಳೆದಳು.

ಊಟ ಮುಗಿದ ಸೈರನ್ನು ಕೂಗಿತು. ಯಾರೂ ಏಳಲಿಲ್ಲ. ಕಾಲು ಅಲ್ಲಾಡಿಸುತ್ತಿದ್ದವಳು, "ನನಗೆ ಒಂದ್ಸಲವೂ ಬರಲಿಲ್ವಾ?" ಎಂದು ಪಕ್ಕದವಳನ್ನು ಎರಡು ಬಾರಿ ಕೇಳಿದಳು. ಹತ್ತು ನಿಮಿಷಕ್ಕೆ ಮೇಸ್ತ್ರಿ ಬಂದರು. ಮೂವತ್ತು ವರ್ಷದಿಂದ ಮಗ್ಗಗಳ ನಡುವೆ ಓಡಾಡಿ ಕೂಗಿ ಕೂಗಿಯೇ ಮಾತಾಡುವ ಮನುಷ್ಯ.

"ಏನ್ರೇ ಇದು, ಕಚೇರಿ ನಡೆಸ್ತಿದೀರಾ? ಏಳಿ, ನಡೀರಿ."

"ನಿಮ್ಮನ್ನೇ ಕಾಯ್ತಿದ್ವಿ," ಎಂದಳು ಗಂಟಕ್ಕ. "ಕೂತ್ಕೊಳ್ಳಿ. ಕೊಳಲು ಕೇಳಿದಾಗ ಕೈ ಎತ್ತಿ. ನೀವು ಎತ್ತಿದರೆ ಇವರೆಲ್ಲ ಈಗಲೇ ಮಗ್ಗಕ್ಕೆ ಹೋಗ್ತಾರೆ."

ಅವರು ಕೂರಲಿಲ್ಲ. ಬಾಗಿಲಲ್ಲೇ, ಸೊಂಟದ ಮೇಲೆ ಕೈಯಿಟ್ಟು, ಬೇಗ ಮುಗಿಸಿ ಎನ್ನುವಂತೆ ನಿಂತರು. ತಟ್ಟೆ ತಿರುಗಿತು. ಹೆಂಗಸು ಹಾಡಿದಳು, ನಿಲ್ಲಿಸಿದಳು. ಹಾಡಿದಳು, ನಿಲ್ಲಿಸಿದಳು. ಎಲ್ಲರೂ ಬೆಂಚಿನಿಂದ ತಿರುಗಿ ಅವರನ್ನೇ ನೋಡುತ್ತಿದ್ದರು. ತಟ್ಟೆ ಮುಗಿದು ಮುಳ್ಳು ಗರಗರ ಅನ್ನತೊಡಗಿದ ಮೇಲೆ ಅವರು ಕೇಳಿದರು:

"ಯಾವ ಕೊಳಲು?"

ಯಾರೂ ನಗಲಿಲ್ಲ. ಮೇಸ್ತ್ರಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು, ಕೊನೆಗೆ ಹೊಸಬಳ ಬಳಿ ನಿಂತರು. "ನಿನಗೆ ಕೇಳಿಸ್ತೇನಮ್ಮ?" ಅವಳು ತಲೆಯಾಡಿಸಿದಳು. "ಚೆನ್ನಾಗಿತ್ತಾ?" ಎಂದು ಅವರು ಕೇಳಿದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ಶೆಡ್ಡಿನವರು ಕೇಳಿರಲಿಲ್ಲ.

ಮ್ಯಾನೇಜರ ಬಳಿಗೆ ಗಂಟಕ್ಕನ ಜೊತೆ ಮೇಸ್ತ್ರಿಯೂ ಹೋಗಿ, ಎಲ್ಲರ ಕಿವಿ ಪರೀಕ್ಷೆ ಆಗಬೇಕು, ಕಿವಿ ಮುಚ್ಚಲು ಬಟ್ಟಲು ಬೇಕು ಎಂದು ಕೇಳಿದರು. ಮೂರು ತಿಂಗಳಲ್ಲಿ ನೋಡೋಣ ಎಂದರು ಮ್ಯಾನೇಜರು. "ಆಗಲಿ ಸಾರ್," ಎಂದಳು ಗಂಟಕ್ಕ. "ಮೂರು ತಿಂಗಳು ಇವರೆಲ್ಲ ನನ್ನ ಜೊತೆ ಸ್ಟೋರಲ್ಲೇ ಇರ್ತಾರೆ. ಇನ್ನೂರು ರೆಕಾರ್ಡಿದೆ, ಬೇಸರ ಆಗಲ್ಲ." ಅವಳು ತಮಾಷೆ ಮಾಡುತ್ತಿದ್ದಾಳೇನೋ ಎಂದು ಮ್ಯಾನೇಜರು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಎರಡು ದಿನ ನೂರಿಪ್ಪತ್ತರಲ್ಲಿ ಅರವತ್ತಾರು ಮಗ್ಗ ನಿಂತವು. ಮೂರನೆಯ ದಿನ ಎಲ್ಲರ ಕಿವಿ ಪರೀಕ್ಷೆಗೆ ದೊಡ್ಡ ಆಸ್ಪತ್ರೆಯ ವ್ಯಾನು ಅಂಗಳಕ್ಕೆ ಬಂತು.

ಎಲ್ಲವೂ ಗೆದ್ದಂತಾಗಲಿಲ್ಲ. ಗಂಟಕ್ಕನಿಗೆ ಮಗ್ಗ ವಾಪಸ್ಸು ಸಿಗಲಿಲ್ಲ. ಹತ್ತು ವರ್ಷ ದಾಟಿದ ಮೂವರಲ್ಲಿ ಒಬ್ಬಳು ಕೆಲಸ ಬಿಟ್ಟಳು, ಕಾರಣ ಹೇಳಲಿಲ್ಲ. ಹಿಂದಿನ ಕೋಣೆ ಖಾಲಿಯಾಗಿ ಹೊಸ ಬಿಡಿಭಾಗಗಳು ಬಂದವು. ಬೀಗದ ಮಾವ ನಿವೃತ್ತಿಯ ಹಿಂದಿನ ವಾರ ಪಟ್ಟಿಯಲ್ಲಿ 'ಇತರೆ ವಸ್ತು, ವಿಲೇವಾರಿ' ಎಂದು ಬರೆದು ಸಹಿ ಹಾಕಿ, ತಳ್ಳುಗಾಡಿಯಲ್ಲಿ ಬೀರಿನೊಳಗಿನದ್ದೆಲ್ಲವನ್ನೂ ತಾವೇ ಗಂಟಕ್ಕನ ಮನೆಗೆ ತಂದು ಇಳಿಸಿದರು.

"ಕೋಣನ ಮುಂದೆ ಕಿನ್ನರಿ," ಎಂದರು ಅತ್ತೆ, ಹಜಾರದ ತುಂಬ ಹರಡಿದ ಲಕೋಟೆಗಳನ್ನು ನೋಡಿ.

"ಕೋಣ ನಾನೇ ಅಂತ ಇಟ್ಕೊಳ್ಳಿ ಅತ್ತೆ. ನನಗೆ ಯಾವುದು ಕೇಳಿಸುತ್ತೆ, ಯಾವುದು ಇಲ್ಲ ಅಂತ ನನಗೀಗ ಗೊತ್ತು. ಬೀಸಣಿಗೆ ಬೇಕಾದರೆ ನನ್ನ ಮುಖ ನೋಡಿ ಕೇಳಿ."

ಗಂಡ ಏನೋ ಹೇಳಲು ಹೋಗಿ, ಎದ್ದು ಬಂದು ಅವಳ ಎದುರಿಗೆ ಕೂತು, ಆಮೇಲೆ ಹೇಳಿದ. ಅವಳು ಕಿವಿಗೆ ಮಿಷನ್ನು ಹಾಕಿಸಿಕೊಂಡದ್ದು ಅದರ ಮುಂದಿನ ತಿಂಗಳು. ಅದು ಸಿಳ್ಳೆ ಹೊಡೆಯುತ್ತಿತ್ತು, ಪಾತ್ರೆ ಸದ್ದು ಈಟಿಯಂತೆ ಚುಚ್ಚುತ್ತಿತ್ತು. ಒಪೆರಾದ ಆ ತಟ್ಟೆಯನ್ನು ಹಾಕಿ ನೋಡಿದಳು. ಕೊಳಲು ಬಂತು, ತಗಡಿನಲ್ಲಿ ಮಾಡಿದಂತಿತ್ತು. ಆದರೂ ಪೂರ್ತಿ ಕೇಳಿದಳು. ಫ್ರೆಂಚಿನವಳನ್ನು ಮಾತ್ರ ಮಿಷನ್ನು ತೆಗೆದಿಟ್ಟೇ ಕೇಳುತ್ತಿದ್ದಳು. ಆಗ ಅತ್ತೆಯೂ ಬಂದು ಬಾಗಿಲ ಬಳಿ ಕೂರುತ್ತಿದ್ದರು. "ಪಾಪ, ಗಂಡ ಸರಿಯಿಲ್ಲ ಅನ್ಸುತ್ತೆ ಇವಳಿಗೆ," ಎನ್ನುತ್ತಿದ್ದರು.

ಕಿವಿ ಮುಚ್ಚುವ ಬಟ್ಟಲುಗಳು, ಇದಕ್ಕೆಲ್ಲ ಮುಂಚೆಯೇ, ವ್ಯಾನು ಬಂದುಹೋದ ಐದನೆಯ ವಾರ ಸ್ಟೋರಿಗೆ ಬಂದಿದ್ದವು. ಬೆಳಗಿನ ಪಾಳಿಗೆ ಮುಂಚೆ ಗಂಟಕ್ಕ ಅವನ್ನು ಎರಡು ಬುಟ್ಟಿಯಲ್ಲಿ ಹೊತ್ತು ಶೆಡ್ಡಿಗೆ ತಂದು, ಆರು ಮಗ್ಗಕ್ಕೊಂದರಂತೆ ಮೊಳೆಗೆ ತೂಗುಹಾಕಿದಳು. ಹೆಂಗಸರು ತೆಗೆದುಕೊಂಡು ತಿರುವಿ ನೋಡಿದರು. ತಲೆಯ ಮೇಲೆ ಹಾಯುವ ಪಟ್ಟಿಗೆ ತುರುಬು ಅಡ್ಡ ಬರುತ್ತಿತ್ತು. ನಾದಿನಿ ಒಂದು ಕ್ಷಣ ಯೋಚಿಸಿ, ತುರುಬು ಬಿಚ್ಚಿ, ಪಿನ್ನುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕುತ್ತಿಗೆಯ ಹತ್ತಿರ ಕೆಳಗೆ ಕಟ್ಟಿಕೊಳ್ಳತೊಡಗಿದಳು. ಅವಳನ್ನು ನೋಡಿ ಪಕ್ಕದವಳು, ಅವಳನ್ನು ನೋಡಿ ಆಚೆಯವಳು. ಸಾಲಿನ ಉದ್ದಕ್ಕೂ ಕೂದಲು ಬಿಚ್ಚಿ ಬೆನ್ನ ಮೇಲೆ ಬಿತ್ತು, ಸುತ್ತಿಕೊಂಡು ಮತ್ತೆ ಮೇಲೆದ್ದಿತು. ಸೈರನ್ನು ಕೂಗುವ ಹೊತ್ತಿಗೆ ಮೊದಲ ಸಾಲಿನ ತುರುಬುಗಳೆಲ್ಲ ಕೆಳಗಿಳಿದಿದ್ದವು. ಹೆಂಗಸರು ನೂಲಿನ ಮೇಲೆ ಬೆರಳಿಟ್ಟು, ಮಗ್ಗ ಚಾಲು ಮಾಡಲು ಕಾದು ನಿಂತಿದ್ದರು.